ಘಾಟಿ ರಸ್ತೆಯಲ್ಲಿ ಖುಷಿ ಕೊಡುವ ಕಾರು ಯಾವುದು?

ಪ್ರಶ್ನೆ: ಸರ್, ಹುತ್ತರಿ ಹಬ್ಬಕ್ಕೆ ಕೊಡಗಿನ ನಾಪೋಕ್ಲಿನ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಎಲ್ಲರೂ ಸೇರಿದ್ದೆವು. ಊಟ ಮುಗಿದ ಮೇಲೆ ಅಂಗಳದಲ್ಲಿ ನಿಂತ ಗಾಡಿಗಳನ್ನು ನೋಡುತ್ತಾ ಮಾತು ಶುರುವಾಯಿತು, ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. ಪವರ್ ಇದ್ದರೇ ಮಜಾ ಅಂತ ಬೆಂಗಳೂರಿನ ಭಾವನ ವಾದ. ಅವರ ಟರ್ಬೊ ಎಸ್‌ಯುವಿಗೆ 150 ಪಿಎಸ್ (ಅಶ್ವಶಕ್ತಿಯ ಅಳತೆ) ಇದೆ. ಚಿಕ್ಕಪ್ಪ ತಮ್ಮ ಹಳೇ ಜಿಪ್ಸಿ ಬಿಟ್ಟು ಬೇರೆ ಯಾವುದನ್ನೂ ಗಾಡಿ ಅಂತಲೇ ಒಪ್ಪುವುದಿಲ್ಲ. ಮೈಸೂರಿನ ತಂಗಿ ಎಲೆಕ್ಟ್ರಿಕ್ ಕಾರಿನ ಪರ. ನನ್ನ ಹತ್ತಿರ ಇರುವುದು 2013ರ ಡೀಸೆಲ್ ಸ್ವಿಫ್ಟ್, 1,20,000 ಕಿ.ಮೀ. ಓಡಿದೆ. ಮೊದಲು ಓಡಿಸೋಕೆ ತುಂಬಾ ಇಷ್ಟ ಆಗ್ತಿತ್ತು, ಈಗ ಯಾಕೋ ಆ ಖುಷಿ ಇಲ್ಲ. ಇದನ್ನು ಮಾರಿ ಜಾಸ್ತಿ ಪವರ್ ಇರುವ ಗಾಡಿ ತಗೊಳ್ಳಲಾ? ನಿಜವಾಗಿ ಓಡಿಸೋಕೆ ಖುಷಿ ಕೊಡೋದು ಯಾವುದು?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ನಾನು ಎರಡು ಮೂರು ಸಲ ಓದಿದೆ. 'ಮೊದಲು ಓಡಿಸೋಕೆ ತುಂಬಾ ಇಷ್ಟ ಆಗ್ತಿತ್ತು, ಈಗ ಯಾಕೋ ಆ ಖುಷಿ ಇಲ್ಲ.' ಎಂಜಿನ್ ಅದೇ. ಪವರ್ ಅಂದು ಎಷ್ಟಿತ್ತೋ ಇಂದೂ ಹೆಚ್ಚು ಕಡಿಮೆ ಅಷ್ಟೇ ಇದೆ. ಊರಿನ ರಸ್ತೆಯೂ ಅದೇ. ಹಾಗಾದರೆ ಹೋಗಿದ್ದು ಏನು? ಪವರ್ ಅಂತೂ ಅಲ್ಲ, ಅಲ್ವಾ? ಹೋಗಿದ್ದು ಏನು ಅಂತ ಗೊತ್ತಾದರೆ ನಿಮ್ಮ ಅಂಗಳದ ವಾದಕ್ಕೂ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಗಾಡಿ ಮಾರುವ ಮಾತು ಬೇಡ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾವು ಎಷ್ಟು ಕೇಳುತ್ತೇವೋ ಅಷ್ಟನ್ನೇ, ಕೇಳಿದ ಹೊತ್ತಿಗೇ ಕೊಡುವ ಕಾರು ಖುಷಿ ಕೊಡುತ್ತದೆ. ರಸ್ತೆಯಲ್ಲಿ ಏನಾಗುತ್ತಿದೆ ಅಂತ ಅದು ಅಂಗೈಗೆ, ಪಾದಕ್ಕೆ, ಸೊಂಟಕ್ಕೆ ತಿಳಿಸುತ್ತಾ ಇರಬೇಕು. ಇದೆಲ್ಲ ನಾವು ದಿನಾ ಹೋಗುವ ವೇಗದಲ್ಲೇ ಸಿಗಬೇಕು. 140ರಲ್ಲಿ ಮಾತ್ರ ಖುಷಿ ಕೊಡುವ ಕಾರನ್ನು ಮೂರ್ನಾಡು ರಸ್ತೆಯಲ್ಲಿ ಇಟ್ಟುಕೊಂಡು ಏನು ಮಾಡೋದು?

ಜಪಾನಿನ ಮಜ್ದಾ ಕಂಪನಿಯವರು 1989ರಲ್ಲಿ ಎಮ್‌ಎಕ್ಸ್-5 ಅನ್ನೋ ಎರಡು ಸೀಟಿನ ಪುಟ್ಟ ಕಾರು ತಂದರು. ನಮಗೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ಮಿನಿ ಬಸ್ಸೇ ನೆನಪಾಗುವುದು, ಆ ಕಾರು ನಮ್ಮ ಶೋರೂಮ್‌ಗಳಿಗೆ ಬರಲೇ ಇಲ್ಲ. ಅದರ ಮೊದಲ ಮಾದರಿಯಲ್ಲಿ ಇದ್ದದ್ದು 1.6 ಲೀಟರ್ ಎಂಜಿನ್. ತೂಕ ಒಂದು ಟನ್ನಿಗಿಂತ ಕಡಿಮೆ. ನೇರ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುವ ಕಾರುಗಳು ಆಗಲೇ ಬೇಕಾದಷ್ಟಿದ್ದವು. ಆದರೂ 2016ರ ಹೊತ್ತಿಗೆ 10 ಲಕ್ಷ ಕಾರು ತಯಾರಾಗಿದ್ದವು. ಅದನ್ನು ಮಾಡಿದವರು ಇಟ್ಟುಕೊಂಡಿದ್ದ ಮಾತು 'ಜಿನ್‌ಬಾ ಇತ್ತೈ'. ಕುದುರೆ, ಸವಾರ ಎರಡೂ ಒಂದೇ ಜೀವ ಆಗೋದು ಅಂತ ಅರ್ಥ. ಒಳ್ಳೆಯ ಕುದುರೆಗೆ ಲಗಾಮು ಎಳೆಯಬೇಕಾಗಿಲ್ಲ, ಸವಾರನ ಮೈ ಸ್ವಲ್ಪ ವಾಲಿದರೆ ಸಾಕು. ಕಾರೂ ಹಾಗಿರಬೇಕು ಅಂತ ಅವರ ಆಸೆ. ನನ್ನ ಆಸೆಯೂ ಅದೇ.

ಈಗ ನಿಮ್ಮ ಭಾವನ ವಾದಕ್ಕೆ ಬರುತ್ತೇನೆ. ಪವರ್ ಬೇಡ ಅಂತ ನಾನು ಹೇಳುವುದಿಲ್ಲ. ಘಾಟಿಯಲ್ಲಿ ಅದು ಎಷ್ಟು ಖರ್ಚಾಗುತ್ತದೆ ಅಂತ ಮಾತ್ರ ಲೆಕ್ಕ ಹಾಕೋಣ. ಜನ ತುಂಬಿದ ಕಾರು 1,500 ಕೆ.ಜಿ. ಅಂತ ಇಟ್ಟುಕೊಳ್ಳಿ. 100 ಮೀಟರ್ ಹೋದರೆ 6 ಮೀಟರ್ ಏರುವ ರಸ್ತೆ. ವೇಗ ಗಂಟೆಗೆ 36 ಕಿ.ಮೀ. ಇಷ್ಟು ಮಾಡೋಕೆ ಚಕ್ರಕ್ಕೆ ಬೇಕಾಗುವುದು ಸುಮಾರು 15 ಪಿಎಸ್. 60ರ ವೇಗದಲ್ಲಿ ಏರಿದರೂ 30ರ ಒಳಗೇ ಮುಗಿಯುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಬರುವಾಗ ಮುಂದೆ ಬಸ್ಸು, ಎದುರಿಗೆ ಲಾರಿ, ಮಧ್ಯೆ ಜೋಡುಪಾಲ, ಮದೆನಾಡಿನ ತಿರುವುಗಳು. ಅಲ್ಲಿ 60 ಮುಟ್ಟುವುದೇ ಅಪರೂಪ. ಹಾಗಾದರೆ ಭಾವನ 150ರಲ್ಲಿ ಬಹುಪಾಲು ಬಾನೆಟ್ ಒಳಗೇ ಕೂತಿರುತ್ತದೆ. ಲಾರಿ ದಾಟುವಾಗ, ತಿರುವು ಮುಗಿಸಿ ವೇಗ ಹಿಡಿಯುವಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಆ ಕೆಲವು ಸೆಕೆಂಡು ನಿಜಕ್ಕೂ ಚೆನ್ನಾಗಿರುತ್ತದೆ, ಅದನ್ನು ಒಪ್ಪುತ್ತೇನೆ.

ಎಷ್ಟು ಪವರ್ ಅನ್ನೋದಕ್ಕಿಂತ ಅದು ಯಾವಾಗ, ಹೇಗೆ ಬರುತ್ತದೆ ಅನ್ನೋದು ಘಾಟಿಯಲ್ಲಿ ಮುಖ್ಯ. ನಿಮ್ಮ ಸ್ವಿಫ್ಟ್‌ನಲ್ಲೇ ನೋಡಿ. ಅದರ 1.3 ಲೀಟರ್ ಡೀಸೆಲ್ ಎಂಜಿನ್ ಫಿಯಟ್‌ನವರ ವಿನ್ಯಾಸ. 75 ಪಿಎಸ್, 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಅದೂ 2,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ. ಕಾಗದದ ಮೇಲೆ ಘಾಟಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ 20ಕ್ಕೆ ಇಳಿದಾಗ ಎಂಜಿನ್ 1,500ರ ಆಸುಪಾಸಿಗೆ ಬಿದ್ದಿರುತ್ತದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಆಗ ಇನ್ನೂ ಮಲಗಿದೆ. ನೀವು ಆಕ್ಸಿಲರೇಟರ್ ಒತ್ತುತ್ತೀರಿ, ಏನೂ ಆಗುವುದಿಲ್ಲ. ಇನ್ನೂ ಒತ್ತುತ್ತೀರಿ. ತಿರುವು ಮುಗಿಯುವ ಹೊತ್ತಿಗೆ ಒಮ್ಮೆಲೇ ನುಗ್ಗುತ್ತದೆ. ಆಗ ನಿಮಗೆ ಅಷ್ಟು ಬೇಕಾಗಿರುವುದಿಲ್ಲ. ಕೇಳಿದಾಗ ಕೊಡಲಿಲ್ಲ, ಬೇಡ ಅಂದಾಗ ಕೊಟ್ಟಿತು. ಘಾಟಿಯಲ್ಲಿ ಈ ಎಂಜಿನ್ ಓಡಿಸಿದ ಹೆಚ್ಚಿನವರಿಗೆ ಇದು ಗೊತ್ತು. ಇದಕ್ಕೆ ಮದ್ದು ಗೇರ್‌ನಲ್ಲಿದೆ. ತಿರುವಿಗೆ ಮೊದಲೇ ಗೇರ್ ಇಳಿಸಿ ಎಂಜಿನ್ನನ್ನು 2,000ದ ಮೇಲೆ ಇಟ್ಟುಕೊಳ್ಳಬೇಕು. ಕಡಿದಾದ ತಿರುವಿನಲ್ಲಿ ಒಂದನೇ ಗೇರ್‌ಗೆ ಹೋಗುವುದಕ್ಕೆ ನಾಚಿಕೆ ಬೇಡ.

ಟರ್ಬೊಗೆ ಇನ್ನೊಂದು ದೊಡ್ಡ ಗುಣ ಇದೆ, ಅದನ್ನೂ ಹೇಳಬೇಕು. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್‌ಗೆ ಸುಮಾರು ಶೇ. 1ರಷ್ಟು ಪವರ್ ಕಳೆದುಕೊಳ್ಳುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಂದರೆ ಮಂಗಳೂರಿನಲ್ಲಿ 85 ಪಿಎಸ್ ಇದ್ದ ಪೆಟ್ರೋಲ್ ಕಾರು ರಾಜಾಸೀಟಿನ ಹತ್ತಿರ ಬರುವಾಗ 75ರ ಕಾರು ಆಗಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ಒಳಗೆ ತುಂಬುವುದರಿಂದ ಅಷ್ಟು ಸೋಲುವುದಿಲ್ಲ. ಇದು ಭಾವನ ಪರವಾಗಿ ಹೇಳಬೇಕಾದ ಮಾತು. ಇದನ್ನು ಅವರಿಗೆ ತಿಳಿಸಿ.

ಆದರೆ ಖುಷಿಯ ನಿಜವಾದ ಜಾಗ ಸ್ಟೇರಿಂಗ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೊಸ ಗಾಡಿ ನೋಡೋಕೆ ಹೋದಾಗ ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುವಷ್ಟು ಜನ ಸ್ಟೇರಿಂಗ್ ಬಗ್ಗೆ ಕೇಳುವುದಿಲ್ಲ.

ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಟೈರ್ ಪಕ್ಕಕ್ಕೆ ತಿರುಗುತ್ತದೆ. ರಸ್ತೆ ಅದನ್ನು ಮತ್ತೆ ನೇರ ಮಾಡೋಕೆ ನೋಡುತ್ತದೆ. ಆ ಎಳೆತವೇ ನಮ್ಮ ಕೈಗೆ ಭಾರವಾಗಿ ತಿಳಿಯುವುದು. ತಿರುವಿನಲ್ಲಿ ವೇಗ ಹೆಚ್ಚಾದ ಹಾಗೆ ಭಾರ ಹೆಚ್ಚಾಗುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಇದರ ಮುಂದಿನ ಭಾಗ ನನಗೆ ಇವತ್ತಿಗೂ ಆಶ್ಚರ್ಯ. ಟೈರ್ ತನ್ನ ಹಿಡಿತದ ಕೊನೆ ಹತ್ತಿರ ಬಂದಾಗ, ಇನ್ನೂ ಜಾರುವ ಮೊದಲೇ, ಆ ಎಳೆತ ಕಡಿಮೆಯಾಗುತ್ತದೆ. ಸ್ಟೇರಿಂಗ್ ಸ್ವಲ್ಪ ಹಗುರಾಗುತ್ತದೆ. ಟೈರ್ ರಸ್ತೆಗೆ ತಾಗುವ ಜಾಗದಲ್ಲಿ ರಬ್ಬರ್ ಮೊದಲು ಹಿಂಭಾಗದಲ್ಲಿ ಜಾರುವುದರಿಂದ ಹೀಗಾಗುತ್ತದೆ. ಅಂದರೆ 'ಇನ್ನು ಸಾಕು' ಅಂತ ಟೈರ್ ಮೊದಲೇ ಹೇಳುತ್ತದೆ. ಆ ಮಾತು ಕೈಗೆ ಬಂದು ಮುಟ್ಟುತ್ತದೋ ಇಲ್ಲವೋ ಅನ್ನುವುದರ ಮೇಲೆ ಕಾರಿನ ಗುಣ ನಿಂತಿದೆ.

ಚಿಕ್ಕಪ್ಪನ ಜಿಪ್ಸಿಯಲ್ಲಿ ಪವರ್ ಸ್ಟೇರಿಂಗ್ ಇಲ್ಲ. ನಿಂತಲ್ಲೇ ತಿರುಗಿಸೋಕೆ ತೋಳಿನ ಬಲ ಬೇಕು. ಆದರೆ ಗಾಡಿ ಹೊರಟ ಮೇಲೆ ಕೈಗೂ ಚಕ್ರಕ್ಕೂ ಮಧ್ಯೆ ಯಾರೂ ಇಲ್ಲ. ಹಳೇ ಕಾರುಗಳಲ್ಲಿದ್ದ ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಬಲ ಕಡಿಮೆ ಮಾಡಿದರೂ ಮಾತನ್ನು ಬಹುಮಟ್ಟಿಗೆ ಉಳಿಸಿಕೊಟ್ಟಿತ್ತು. ಈಗಿನ ಸಣ್ಣ ಕಾರುಗಳಲ್ಲೆಲ್ಲ ಎಲೆಕ್ಟ್ರಿಕ್ ಮೋಟಾರ್ ಇದೆ. ಡೀಸೆಲ್, ಪೆಟ್ರೋಲ್ ಉಳಿಯುತ್ತದೆ, ಪಾರ್ಕಿಂಗ್‌ಗೆ ಸುಲಭ. ಆದರೆ ಎಷ್ಟು ಭಾರ ತೋರಿಸಬೇಕು ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡುತ್ತದೆ. ಕೆಲವು ಕಂಪನಿಯವರು ಇದನ್ನು ತುಂಬಾ ಚೆನ್ನಾಗಿ ಮಾಡಿದ್ದಾರೆ. ಆದರೂ ಭಾರತದಲ್ಲಿ ತಯಾರಾದ, ಹೈಡ್ರಾಲಿಕ್ ಸ್ಟೇರಿಂಗ್ ಇದ್ದ ಹಳೇ ಫೋರ್ಡ್ ಫಿಗೊ, ಫಿಯೆಸ್ಟಾ ಓಡಿಸಿದವರನ್ನು ಕೇಳಿ ನೋಡಿ, ಸ್ಟೇರಿಂಗ್ ಬಗ್ಗೆ ಈಗಲೂ ಪ್ರೀತಿಯಿಂದ ಮಾತಾಡುತ್ತಾರೆ. ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿದಾಗ ನನಗೆ ನಿಜವಾಗಿ ಬೇಜಾರಾಗಿತ್ತು. 'ಸ್ಪೋರ್ಟ್' ಬಟನ್ ಒತ್ತಿದರೆ ಸ್ಟೇರಿಂಗ್ ಗಟ್ಟಿ ಆಗುವ ಕಾರುಗಳ ಬಗ್ಗೆ ಒಂದು ಎಚ್ಚರಿಕೆ. ಗಟ್ಟಿ ಆಗೋದು ಬೇರೆ, ಸುದ್ದಿ ಹೇಳೋದು ಬೇರೆ. ಭಾರ ಮಾತ್ರ ಹೆಚ್ಚಾಗಿ, ರಸ್ತೆಯ ಸುದ್ದಿ ಬರದಿದ್ದರೆ ಆ ಬಟನ್‌ನಿಂದ ಪ್ರಯೋಜನ ಇಲ್ಲ.

ಚಿಕ್ಕಪ್ಪನ ವಾದದಲ್ಲಿ ಇನ್ನೊಂದು ಸತ್ಯ ಇದೆ. ತೂಕ. 1985ರಲ್ಲಿ ಬಂದಾಗ ಜಿಪ್ಸಿಗೆ ಇದ್ದದ್ದು ಒಂದು ಲೀಟರಿಗಿಂತ ಸಣ್ಣ ಎಂಜಿನ್, 970 ಸಿಸಿ. ಆಮೇಲೆ 1.3 ಲೀಟರ್ ಬಂತು. ಗಾಡಿಯ ತೂಕ ಒಂದು ಟನ್ ಆಸುಪಾಸು. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ದೊಡ್ಡ ದೊಡ್ಡ ಗಾಡಿಗಳು ಹೂತು ನಿಂತಾಗ ಅದು ಮೇಲೆ ಮೇಲೆ ಓಡಿ ದಾಟಿಬಿಡುತ್ತದೆ. ಡಾಂಬರು ರಸ್ತೆಯಲ್ಲಿ ಅದರ ಲೀಫ್ ಸ್ಪ್ರಿಂಗ್ ಕುಣಿಸುತ್ತದೆ, ವೇಗದಲ್ಲಿ ತಿರುವು ತಗೊಳ್ಳೋಕೆ ಅದು ಹೇಳಿದ ಗಾಡಿ ಅಲ್ಲ. ಆದರೂ ಅದು ಹಗುರ, ಕಿಟಕಿ ದೊಡ್ಡದು, ಬಾನೆಟ್ಟಿನ ನಾಲ್ಕು ಮೂಲೆ ಕಣ್ಣಿಗೆ ಕಾಣುತ್ತದೆ. ಕಿರಿದಾದ ರಸ್ತೆಯಲ್ಲಿ ಚಕ್ರ ಎಲ್ಲಿದೆ ಅಂತ ಗೊತ್ತಾಗುವುದು ದೊಡ್ಡ ಸುಖ. ಭಾವನ ಎಸ್‌ಯುವಿಯಲ್ಲಿ ಕ್ಯಾಮೆರಾ ನೋಡಿಕೊಂಡು ತಿಳಿಯಬೇಕಾದ್ದು ಇಲ್ಲಿ ಸುಮ್ನೆ ಕಣ್ಣಿಗೆ ಸಿಗುತ್ತದೆ.

ತೂಕ ಕಡಿಮೆ ಇದ್ದರೆ ಎಲ್ಲವೂ ಸುಧಾರಿಸುತ್ತದೆ. ಬ್ರೇಕ್ ಬೇಗ ಹಿಡಿಯುತ್ತದೆ, ಟೈರ್‌ಗೆ ಶ್ರಮ ಕಡಿಮೆ, ಎಡಕ್ಕೆ ವಾಲಿದ ಗಾಡಿ ತಕ್ಷಣ ಬಲಕ್ಕೆ ವಾಲುತ್ತದೆ. ಘಾಟಿಯಲ್ಲಿ ಎಡ ಮುಗಿಯುವ ಮೊದಲೇ ಬಲ ಬರುತ್ತದೆ, ಅಲ್ವಾ? 1959ರಲ್ಲಿ ಬಂದ ಇಂಗ್ಲೆಂಡಿನ ಮಿನಿ ಕಾರನ್ನು ನೆನಪಿಸಿಕೊಳ್ಳಿ. 848 ಸಿಸಿ, 34 ಅಶ್ವಶಕ್ತಿ, ಹತ್ತು ಇಂಚಿನ ಪುಟ್ಟ ಚಕ್ರ. ಅದರದೇ ಕೂಪರ್ ಎಸ್ ಮಾದರಿ ಆಲ್ಪ್ಸ್ ಬೆಟ್ಟಗಳ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965, 1967ರಲ್ಲಿ ಗೆದ್ದಿತು. ಅದರ ಜೊತೆ ಓಡಿದವುಗಳಲ್ಲಿ ಅದಕ್ಕಿಂತ ನಾಲ್ಕು ಪಟ್ಟು ದೊಡ್ಡ ಎಂಜಿನ್ನಿನ ಕಾರುಗಳೂ ಇದ್ದವು. ಬೆಟ್ಟದ ರಸ್ತೆಗೆ ಹಗುರವಾದ ಸಣ್ಣ ಕಾರು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ನಿಮ್ಮದು ಡೀಸೆಲ್ ಸ್ವಿಫ್ಟ್. ಅದೇ ಕಾಲದ ಪೆಟ್ರೋಲ್ ಸ್ವಿಫ್ಟ್‌ಗಿಂತ ಸುಮಾರು 100 ಕೆ.ಜಿ. ಜಾಸ್ತಿ ತೂಕ. ಅದರಲ್ಲಿ ಬಹುಪಾಲು ಮುಂದಿನ ಚಕ್ರಗಳ ಮೇಲೆ ಕೂತಿದೆ. ಆ ಚಕ್ರಗಳೇ ಗಾಡಿ ಎಳೆಯಬೇಕು, ಅವೇ ತಿರುಗಿಸಬೇಕು. ಹಾಗಾಗಿ ನಿಮ್ಮ ಗಾಡಿಗೆ ಮುಂದಿನ ಟೈರ್ ಬಹಳ ದೊಡ್ಡ ವಿಷಯ. ನಿಮ್ಮ ಖುಷಿ ಕಳೆದುಹೋದದ್ದು ಇಲ್ಲೇ ಅಂತ ನನ್ನ ಬಲವಾದ ಅನುಮಾನ.

ಒಂದು ಟೈರ್ ರಸ್ತೆಗೆ ತಾಗುವ ಜಾಗ ಹೆಚ್ಚು ಕಡಿಮೆ ನಿಮ್ಮ ಅಂಗೈಯಷ್ಟು. ನಾಲ್ಕು ಅಂಗೈ ಮೇಲೆ ಇಡೀ ಕುಟುಂಬ ಘಾಟಿ ಇಳಿಯುತ್ತದೆ. ನಾಳೆ ಬೆಳಿಗ್ಗೆ ಟೈರ್‌ನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಕಾರು ಸಂತೆಗೆ, ಮದುವೆಗೆ, ತೋಟಕ್ಕೆ ಅಂತ ವರ್ಷಕ್ಕೆ ಸ್ವಲ್ಪವೇ ಓಡುತ್ತದೆ. ಟೈರ್ ಸವೆಯುವುದಿಲ್ಲ, ಹಾಗಾಗಿ ಬದಲಾಯಿಸುವುದೂ ಇಲ್ಲ. ಆದರೆ ರಬ್ಬರ್ ವಯಸ್ಸಿಗೇ ಗಟ್ಟಿಯಾಗುತ್ತದೆ. ನೋಡೋಕೆ ಹೊಸದರ ಹಾಗೇ ಇರುತ್ತದೆ, ಒದ್ದೆ ರಸ್ತೆಯಲ್ಲಿ ಮಾತ್ರ ಹಿಡಿತ ಇರುವುದಿಲ್ಲ. ಕಾನೂನಿನ ಪ್ರಕಾರ ಟೈರ್ ಮೇಲಿನ ಗೆರೆಗಳ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ನಮ್ಮ ಮಳೆಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದಾಗಲೇ, ಅದೂ ಜೂನ್‌ಗೆ ಮೊದಲು, ನಾನು ಬದಲಾಯಿಸುತ್ತೇನೆ.

ನಮ್ಮ ರಸ್ತೆಗಳಲ್ಲಿ ಮೇಲ್ಮೈ ಹತ್ತು ಮೀಟರಿಗೊಮ್ಮೆ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಮಡಿಕೇರಿ–ಸಂಪಾಜೆ ಹೆದ್ದಾರಿಯಲ್ಲಿ ಅಲ್ಲಲ್ಲಿ ಹೊಸದಾಗಿ ಕಟ್ಟಿದ ಜಾಗಗಳಿವೆ. ನೆರಳಿರುವ ತಿರುವಿನಲ್ಲಿ ಪಾಚಿ ಇರುತ್ತದೆ. ಸಿಲ್ವರ್ ಓಕ್ ಎಲೆ ಉದುರಿ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರ್, ಪಿಕಪ್‌ಗಳು ತೋಟದ ಗೇಟಿನಿಂದ ಕೆಮ್ಮಣ್ಣು ತಂದು ರಸ್ತೆಗೆ ಹಾಕಿರುತ್ತವೆ, ಮೇಲೊಂದು ಹನಿ ಬಿದ್ದರೆ ಸೋಪಿನ ಹಾಗೆ. ಒಳ್ಳೆಯ ಟೈರ್ ಇದ್ದರೆ ಇದೆಲ್ಲ ಕೈಗೆ ಓದೋಕೆ ಬರುತ್ತದೆ. ಗಟ್ಟಿಯಾದ ಟೈರ್‌ನಲ್ಲಿ ಎಲ್ಲವೂ ಒಂದೇ ತರಹ ಇರುತ್ತದೆ, ಜಾರುವವರೆಗೆ.

ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ತಿರುವಿನಲ್ಲಿ ಟೈರ್ ಮೇಲೆ ಬೀಳುವ ಒತ್ತಡ ವೇಗದ ವರ್ಗದ ಹಾಗೆ ಏರುತ್ತದೆ. ಅದೇ ತಿರುವನ್ನು 30ರ ಬದಲು 40ರಲ್ಲಿ ತಗೊಂಡರೆ ಕೆಲಸ ಸುಮಾರು 1.8 ಪಟ್ಟು. ಮೀಟರ್‌ನಲ್ಲಿ ಹತ್ತೇ ಕಿ.ಮೀ., ಟೈರ್‌ಗೆ ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೇ ಸಣ್ಣ ವೇಗದಲ್ಲೂ ಘಾಟಿ ಇಷ್ಟು ರುಚಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರಲ್ಲಿ ಹೋಗುವ ಕಾರು ಏನೂ ಮಾಡುತ್ತಿರುವುದಿಲ್ಲ. ಚೆಟ್ಟಳ್ಳಿ ರಸ್ತೆಯಲ್ಲಿ 40ರಲ್ಲಿ ಹೋಗುವ ಕಾರು ಪ್ರತಿ ಕ್ಷಣ ಕೆಲಸ ಮಾಡುತ್ತಿರುತ್ತದೆ, ನೀವೂ ಅದರ ಜೊತೆ ಕೆಲಸ ಮಾಡುತ್ತಿರುತ್ತೀರಿ.

ಟೈರ್ ಆದ ಮೇಲೆ ಶಾಕ್ ಅಬ್ಸಾರ್ಬರ್ ಮತ್ತು ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್. 1,20,000 ಕಿ.ಮೀ. ಓಡಿದ ಗಾಡಿಯಲ್ಲಿ, ಅದೂ ನಮ್ಮ ಗುಂಡಿಗಳಲ್ಲಿ, ಇವು ಮೊದಲಿನ ಹಾಗೆ ಇರೋಕೆ ಸಾಧ್ಯವಿಲ್ಲ. ಇವು ಹಾಳಾಗುವುದು ನಿಧಾನವಾಗಿ, ದಿನಕ್ಕೆ ಚೂರು ಚೂರು. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಗಾಡಿ ಮುದಿಯಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ತಿರುವಿಗೆ ಸ್ಟೇರಿಂಗ್ ತಿರುಗಿಸಿದಾಗ ಗಾಡಿ ಒಂದು ಗಳಿಗೆ ತಡೆದು ಆಮೇಲೆ ವಾಲುತ್ತದಾ? ಉಬ್ಬು ದಾಟಿದ ಮೇಲೆ ಒಂದಕ್ಕಿಂತ ಜಾಸ್ತಿ ಸಲ ಕುಣಿಯುತ್ತದಾ? ಬ್ರೇಕ್ ಹಾಕಿದಾಗ ಮೂಗು ಜಾಸ್ತಿ ಬಗ್ಗುತ್ತದಾ? ಹೌದು ಅಂದರೆ ನಾಲ್ಕೂ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್ ತೋರಿಸಿ. ಆಮೇಲೆ ಅಲೈನ್‌ಮೆಂಟ್. ಇಷ್ಟು ಮಾಡಿಸಿಕೊಂಡು ಹೋದವರು 'ಇದು ನನ್ನದೇ ಗಾಡಿನಾ?' ಅಂತ ಕೇಳಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚಂದ ಕಾಣಲಿ ಅಂತ 17 ಇಂಚಿನ ಅಲಾಯ್ ಮಾತ್ರ ಹಾಕಿಸಬೇಡಿ. ಚಕ್ರ ಭಾರವಾದರೆ ಸಸ್ಪೆನ್ಷನ್ ಅದನ್ನು ಹಿಡಿದು ನಿಲ್ಲಿಸೋಕೆ ಒದ್ದಾಡುತ್ತದೆ, ತೆಳುವಾದ ಟೈರ್ ಗುಂಡಿಗೆ ಬಿದ್ದರೆ ರಿಮ್ ಸೊಟ್ಟಗಾಗುತ್ತದೆ. ನಿಮ್ಮ ಗಾಡಿಗೆ ಕಂಪನಿ ಕೊಟ್ಟ ಅಳತೆಯೇ ನಮ್ಮ ರಸ್ತೆಗೆ ಸರಿ.

ಇನ್ನು ಬ್ರೇಕ್. ಇದನ್ನು ನಾನು ಅನುಭವಿಸಿ ಕಲಿತವನು. ಕೆಲವು ವರ್ಷದ ಹಿಂದೆ ಮನೆಯವರೆಲ್ಲ ಸೇರಿ ಐದು ಜನ, ಡಿಕ್ಕಿ ತುಂಬಾ ಸಾಮಾನು, ಮಡಿಕೇರಿಯಿಂದ ಸುಳ್ಯದ ಕಡೆ ಇಳಿಯುತ್ತಿದ್ದೆವು. ಎರಡು ತಿಂಗಳ ಹಿಂದೆ ಒಂದು ವರ್ಕ್‌ಶಾಪ್‌ನಲ್ಲಿ ಸರ್ವಿಸ್ ಆಗಿತ್ತು. ಬ್ರೇಕ್ ಆಯಿಲ್ ಬದಲಾಯಿಸಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದಿದ್ದರು, ನಿಜಕ್ಕೂ ಬದಲಾಯಿಸಿರಲಿಲ್ಲ. ಮದೆನಾಡು ದಾಟಿದ ಮೇಲೆ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಇನ್ನೂ ಕೆಳಗೆ ಹೋಯಿತು. ಸುಟ್ಟ ವಾಸನೆ. ಎರಡನೇ ಗೇರ್, ಆಮೇಲೆ ಒಂದನೇ ಗೇರ್‌ಗೆ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ಪಕ್ಕಕ್ಕೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಏನೂ ಗೊತ್ತಿಲ್ಲದೆ ನಿದ್ದೆ ಮಾಡುತ್ತಿದ್ದರು. ಆ ದಿನದ ಹೆದರಿಕೆ ಇನ್ನೂ ಕಾಲಲ್ಲಿದೆ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹಿಡಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ರಲ್ಲಿ ಇದು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ ಬರುತ್ತದೆ. ಗುಳ್ಳೆಯನ್ನು ಒತ್ತಬಹುದು, ಬ್ರೇಕ್ ಮಾತ್ರ ಹಿಡಿಯುವುದಿಲ್ಲ. ವರ್ಷದಲ್ಲಿ ತಿಂಗಳುಗಟ್ಟಲೆ ಒದ್ದೆ ಗಾಳಿ ಇರುವ ನಮ್ಮ ಊರಿಗೆ ಇದು ಬಹಳ ದೊಡ್ಡ ವಿಷಯ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಮುಂದೆ ನಿಂತು ಬದಲಾಯಿಸಿ.

ಬ್ರೇಕ್ ಎಷ್ಟು ಬಿಸಿ ತಡೆಯಬೇಕು ಗೊತ್ತಾ? ಸಂಪಾಜೆಗೆ ಇಳಿಯುವಾಗ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಎತ್ತರದಿಂದ ಇಳಿಯುತ್ತೀರಿ. ಜನ ತುಂಬಿದ 1,400 ಕೆ.ಜಿ. ಗಾಡಿ ಅಷ್ಟು ಇಳಿದಾಗ ಹೊರಬರುವ ಶಕ್ತಿಯಲ್ಲಿ 40 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಸ್ನಾನದ ಮನೆಯ ಒಂದು ಹಂಡೆ ನೀರು. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರ್‌ಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ತಡೆಯಬೇಕು. ಹತ್ತಿದ ಗೇರ್‌ನಲ್ಲೇ ಇಳಿಯಬೇಕು ಅಂತ ಹಳೇ ಡ್ರೈವರ್‌ಗಳು ಹೇಳುವುದು ಇದಕ್ಕೇ. ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು. ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ.

ತಂಗಿಯ ಎಲೆಕ್ಟ್ರಿಕ್ ಕಾರು ಈ ಜಾಗದಲ್ಲಿ ನಿಜಕ್ಕೂ ಚೆನ್ನ. ಇಳಿಯುವಾಗ ಮೋಟಾರೇ ತಡೆದು, ಆ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಸೇರಿಸುತ್ತದೆ. ಏರುವಾಗ ಟರ್ಬೊಗೆ ಕಾಯಬೇಕಾಗಿಲ್ಲ, ಒತ್ತಿದ ಕ್ಷಣವೇ ಎಳೆತ ಬರುತ್ತದೆ. ಎತ್ತರಕ್ಕೆ ಪವರ್ ಕಡಿಮೆಯಾಗುವುದೂ ಇಲ್ಲ. ಕೇಳಿದಷ್ಟು, ಕೇಳಿದ ಹೊತ್ತಿಗೆ ಅಂತ ನಾನು ಹೇಳಿದ್ದರ ಅರ್ಧ ಭಾಗವನ್ನು ಅದು ಯಾವ ಡೀಸೆಲ್‌ಗಿಂತಲೂ ಚೆನ್ನಾಗಿ ಮಾಡುತ್ತದೆ. ಆದರೆ ಬ್ಯಾಟರಿಯ ತೂಕ ಇದೆ. ಇಳಿಜಾರಿನ ಒದ್ದೆ ತಿರುವಿನಲ್ಲಿ ಆ ತೂಕ ಗೊತ್ತಾಗುತ್ತದೆ. ತಂಗಿಗೆ ಒಂದು ವಿಷಯ ಹೇಳಿ. ಮಡಿಕೇರಿಯಲ್ಲಿ ಬ್ಯಾಟರಿಯನ್ನು ಶೇ. 100 ತುಂಬಿಸಿಕೊಂಡು ಘಾಟಿ ಇಳಿಯಬಾರದು. ತುಂಬಿದ ಬ್ಯಾಟರಿಗೆ ಇನ್ನು ಜಾಗ ಇರುವುದಿಲ್ಲ, ಮೋಟಾರ್ ತಡೆಯುವುದು ಕಡಿಮೆಯಾಗಿ ಎಲ್ಲ ಭಾರ ಸಾಮಾನ್ಯ ಬ್ರೇಕ್ ಮೇಲೆ ಬೀಳುತ್ತದೆ. ಶೇ. 80ಕ್ಕೆ ನಿಲ್ಲಿಸಿ ಹೊರಡಲಿ.

ಗೇರ್‌ಬಾಕ್ಸ್ ಬಗ್ಗೆ ಚಿಕ್ಕದಾಗಿ. ಘಾಟಿಯ ಖುಷಿಗೆ ನಾನು ಮ್ಯಾನುವಲ್ ಪರ. ತಾನೇ ಗೇರ್ ಬದಲಾಯಿಸುವ ಎಎಂಟಿ ತಗೊಂಡವರು ಏರಿನಲ್ಲಿ ಮ್ಯಾನುವಲ್ ಮೋಡ್‌ಗೆ ಹಾಕಿಕೊಳ್ಳಲಿ, ಇಲ್ಲದಿದ್ದರೆ ತಿರುವಿನ ಮಧ್ಯೆ ಗೇರ್ ಬದಲಾಯಿಸಿ ಉಸಿರು ಕಟ್ಟಿಸುತ್ತದೆ.

ಕೂರುವ ರೀತಿಯನ್ನೂ ನೋಡಿಕೊಳ್ಳಿ. ಬೆನ್ನು ಸೀಟಿಗೆ ತಾಗಿದ್ದಾಗ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್‌ನ ಮೇಲ್ಭಾಗಕ್ಕೆ ಬರಬೇಕು. ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಸ್ಟೇರಿಂಗ್ ಹಿಡಿದು ನೇತಾಡುತ್ತಾ ಕೂತರೆ ಯಾವ ಕಾರಿನ ಮಾತೂ ಕೈಗೆ ಕೇಳಿಸುವುದಿಲ್ಲ, ಯಾಕೆಂದರೆ ಕೈ ಮೈಯನ್ನು ಹಿಡಿದುಕೊಳ್ಳುವ ಕೆಲಸದಲ್ಲಿರುತ್ತದೆ. ಎಷ್ಟೋ ಜನರಿಗೆ ಇದೊಂದೇ ಬದಲಾವಣೆ ಸಾಕಾಗಿದೆ.

ಹಿಂದೆ ಕೂತವರ ಬಗ್ಗೆಯೂ ಒಂದು ಮಾತು. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದು ನಮ್ಮಲ್ಲಿ ಮಾಮೂಲು ಅನ್ನುವ ಹಾಗೆ ಆಗಿದೆ. ಅದರಲ್ಲಿ ಅರ್ಧ ಪಾಲು ಚಾಲಕನದ್ದು. ತಿರುವಿನ ಒಳಗೆ ಬ್ರೇಕ್ ಒತ್ತಿ, ಮಧ್ಯೆ ಸ್ಟೇರಿಂಗ್ ಎಳೆದು, ಹೊರಬರುವಾಗ ಒಮ್ಮೆಲೇ ಒತ್ತುವುದು. ಬ್ರೇಕ್ ಕೆಲಸ, ಗೇರ್ ಕೆಲಸ ಎಲ್ಲವನ್ನೂ ತಿರುವಿಗೆ ಮೊದಲೇ ನೇರ ರಸ್ತೆಯಲ್ಲಿ ಮುಗಿಸಿ. ಒಂದೇ ಸಲ, ನಿಧಾನಕ್ಕೆ ತಿರುಗಿಸಿ. ಕಣ್ಣು ಬಾನೆಟ್ ಮುಂದೆ ಬೇಡ, ತಿರುವು ಮುಗಿಯುವ ಜಾಗದಲ್ಲಿರಲಿ. ಸ್ಟೇರಿಂಗ್ ನೇರವಾಗುತ್ತಾ ಬಂದ ಹಾಗೆ ಆಕ್ಸಿಲರೇಟರ್ ಒತ್ತುತ್ತಾ ಬನ್ನಿ. ಪಕ್ಕದ ಸೀಟಿನ ಮೇಲೆ ನೀರಿನ ಬಾಟಲಿ ಅಡ್ಡ ಮಲಗಿಸಿ, ಅದು ಉರುಳದ ಹಾಗೆ ಮೂರ್ನಾಡಿನಿಂದ ಮಡಿಕೇರಿಗೆ ಬನ್ನಿ ನೋಡೋಣ. ಕಷ್ಟದ ಕೆಲಸ. ಬಂದಾಗ ಸಿಗುವ ತೃಪ್ತಿ ಮಾತ್ರ ಬೇರೆಯೇ. ರಸ್ತೆ ಕಿರಿದಾಗಿದ್ದರೆ ಏರಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನೋದು ನಿಯಮ. ರಾತ್ರಿ ಸಿದ್ದಾಪುರ, ಮಾಲ್ದಾರೆ ಕಡೆ ಆನೆ ಇರುವ ರಸ್ತೆಯಲ್ಲಿ ಇದ್ಯಾವ ಅಭ್ಯಾಸವೂ ಬೇಡ, ನಿಧಾನ ಹೋಗಿ.

ಈಗ ನಿಮ್ಮ ಸ್ವಿಫ್ಟ್. ಮೊದಲು ಟೈರ್ ವಯಸ್ಸು ನೋಡಿ, ಐದಾರು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಾಯಿಸಿ. ಶಾಕ್ ಅಬ್ಸಾರ್ಬರ್, ಬುಷ್, ಬ್ರೇಕ್ ಆಯಿಲ್ ಮಾಡಿಸಿ. ಬಾಗಿಲಿನ ಹತ್ತಿರದ ಚೀಟಿಯಲ್ಲಿ ಬರೆದಷ್ಟು ಗಾಳಿಯನ್ನು ಟೈರ್ ತಣ್ಣಗಿರುವಾಗ ತುಂಬಿಸಿ. ಹೊಸ ಗಾಡಿಯ ಸಾಲದ ಕೆಲವು ಕಂತಿನೊಳಗೆ ಇದೆಲ್ಲ ಮುಗಿಯುತ್ತದೆ. ಆಮೇಲೆ ಒಂದು ತಿಂಗಳು ಓಡಿಸಿ.

ಅದಾದ ಮೇಲೂ ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ. ಆದರೆ ಶೋರೂಮಿನವರು ಕರೆದುಕೊಂಡು ಹೋಗುವ ನೇರ ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿ ದುಡ್ಡು ಕೊಡಬೇಡಿ. ಮಡಿಕೇರಿಯಿಂದ ತಾಳತ್ತಮನೆ ಕಡೆಗೆ ಇಳಿದು ಮತ್ತೆ ಏರಿ ಬರೋಕೆ ಕೇಳಿ. ಮೊದಲ ಹೇರ್‌ಪಿನ್‌ನಲ್ಲಿ ಎರಡನೇ ಗೇರ್‌ನಿಂದ ಹೇಗೆ ಎಳೆಯುತ್ತದೆ ನೋಡಿ. ಎಡ–ಬಲ ತಿರುವಿನಲ್ಲಿ ಗಾಡಿ ನಿಮ್ಮ ಕೈಯ ಜೊತೆಗೇ ಬರುತ್ತದಾ, ಒಂದು ಗಳಿಗೆ ಹಿಂದೆ ಬರುತ್ತದಾ ನೋಡಿ. ರೇಡಿಯೋ ಆರಿಸಿ, ಕಿಟಕಿ ಇಳಿಸಿ. ಸಾಧ್ಯವಾದರೆ ಮಳೆ ಬಂದ ದಿನವೇ ಹೋಗಿ. ಚಿಕ್ಕಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ. ಗಾಡಿ ಹೇಗಿದೆ ಅಂತ ಅವರು ಇಳಿದ ಕೂಡಲೇ ಹೇಳುತ್ತಾರೆ.